ಕ್ಲೆಮ್ ಬಿಚ್ಚಿದ ಗಾಲಿ

"ನಮ್ಮಪ್ಪ ಬೇಕಂತಲೇ ಸತ್ತನಾ, ಯಾರಾದ್ರೂ ಸಾಯಿಸಿದ್ರಾ? ಅದೊಂದು ಹೇಳ್ಬಿಡಿ ಥೋರಾ. ಗುರುವಾರ ಮಣ್ಣು ಮಾಡ್ಬೇಕು," ಎಂದಳು ಜೋಸಿ. ಕೊಟ್ಟ ಟೀ ಮುಟ್ಟಿರಲಿಲ್ಲ.

ಥೋರಾ ಪೆಂಗೆಲಿ ಮೆಲ್ಬರ್ನಿನ ಪೊಲೀಸ್ ಪತ್ತೇದಾರಳಾಗಿದ್ದು ನಿವೃತ್ತಳಾಗಿ, ಗೋಧಿ ಬೆಳೆಯುವ ಈ ಊರಿಗೆ ಗುಲಾಬಿ ಬೆಳೆಸಲು ಬಂದವಳು. ಗುಲಾಬಿ ಹತ್ತಲಿಲ್ಲ, ಊರಿನವರ ತಾಪತ್ರಯಗಳು ಮಾತ್ರ ಚೆನ್ನಾಗಿ ಹತ್ತಿಕೊಂಡವು. ಪಕ್ಕದ ಮನೆಯ ಆಲ್ಫ್ ಡೂಲನ್ ಅವಳ ಕಾರು ಓಡಿಸುತ್ತಿದ್ದ, ಅವಳು ಯೋಚಿಸುವಾಗ ಸುಮ್ಮನಿರುತ್ತಿದ್ದ. ಎರಡನೆಯದೇ ಕಷ್ಟದ ಕೆಲಸವೆಂದು ಅವನ ಅಭಿಪ್ರಾಯ.

ಜೋಸಿಯ ಅಪ್ಪ ಕ್ಲೆಮ್ ಹಾರ್ಗ್ರೀವ್ ಆಲ್ಫನ ಸಂಘದ ಹಿರಿಯ. ಮಹಾಯುದ್ಧದ ಕಾಲದ ಸೇನಾ ಟ್ರಕ್ಕುಗಳನ್ನು ಹೊಲದ ಮೂಲೆಗಳಿಂದ, ಕೋಳಿಗೂಡುಗಳಿಂದ ಎಳೆತಂದು ಮತ್ತೆ ಜೀವ ಕೊಡುವುದೇ ಆ ಸಂಘದ ಹವ್ಯಾಸ. ಅವುಗಳ ಗಾಲಿಗೆ ಎರಡು ಸುತ್ತು ನಟ್ಟು. ಒಳಸುತ್ತು ಬಿಚ್ಚಿದರೆ ಗಾಲಿ ಕಳಚಿ ಬರುತ್ತದೆ. ಹೊರಸುತ್ತು ರಿಮ್ಮಿನ ಎರಡು ಹೋಳುಗಳನ್ನು ಕೂಡಿಸಿರುತ್ತದೆ. ಟೈರಿನಲ್ಲಿ ಗಾಳಿಯಿರುವಾಗ ಅದನ್ನು ಬಿಚ್ಚಿದರೆ ಯಮ ಬರುತ್ತಾನೆ. ಅದಕ್ಕೇ ಹೊರಸುತ್ತಿಗೆ ಕೆಂಪು ಬಳಿಯುವುದು ಸೇನೆಯಿಂದ ಬಂದ ನೇಮ. "ಕೆಂಪು ಕಂಡ್ರೆ ಕೈ ಹಿಂದಕ್ಕೆ" ಎಂದು ಇಡೀ ಸಂಘಕ್ಕೆ ಕಲಿಸಿದವನೇ ಕ್ಲೆಮ್. ಅಂಥವನು ಭಾನುವಾರ ಬೆಳಿಗ್ಗೆ ಗಾಳಿ ತುಂಬಿದ ಗಾಲಿಯ ಹೊರಸುತ್ತು ಬಿಚ್ಚಿದ್ದ. ರಿಮ್ಮು ಹಾರಿ ಎದೆಗೆ ಬಡಿದಿತ್ತು.

ಗೊತ್ತಿಲ್ಲದೆ ಮಾಡುವ ಆಸಾಮಿಯಲ್ಲ, ಹೆಂಡತಿ ಹೋದ ಮೇಲೆ ಮಂಕಾಗಿದ್ದ, ಬೇಕೆಂದೇ ಮಾಡಿಕೊಂಡ. ಊರು ಹೀಗೆ ತೀರ್ಪು ಕೊಟ್ಟಿತ್ತು. ಒಪ್ಪದವರು ಅದೇ ಸಂಘದ ಗ್ಯಾರಿಯ ಕಡೆ ಬೆರಳು ತೋರಿಸುತ್ತಿದ್ದರು. ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್ಜಾಕ್ ದಿನದ ಮೆರವಣಿಗೆಯಲ್ಲಿ ಕ್ಲೆಮ್‌ನ ಟ್ರಕ್ಕು ಯಾರು ಓಡಿಸಬೇಕೆಂದು ಇಬ್ಬರಿಗೂ ಜಗಳವಾಗಿತ್ತು.

ಗ್ಯಾರಿ ಕ್ಲೆಮ್‌ನ ಶೆಡ್ಡಿನ ಬಾಗಿಲಲ್ಲೇ ಸಿಕ್ಕಿದ. "ನಾನ್ಯಾಕಮ್ಮ ಕೊಲ್ಲಲಿ? ಸ್ಟೀರಿಂಗ್ ಬಿಡು ಮುದುಕಪ್ಪಾ ಅಂದಿದ್ದು ನಿಜ. ಹೋದ ಆನ್ಜಾಕ್ ದಿನ ಟ್ರಕ್ಕನ್ನ ಪೋಸ್ಟಾಫೀಸಿನ ಕಟ್ಟೆ ಹತ್ತಿಸ್ಬಿಟ್ಟ! ಬ್ಯಾಂಡಿನ ಡ್ರಮ್ಮಿನೋನು ಇವತ್ತಿಗೂ ಹಿಂದೆ ತಿರುಗಿ ನೋಡ್ಕೊಂಡೇ ನಡೀತಾನೆ."

"ಕ್ಲೆಮ್ ಏನಂದ?"

"ಕಟ್ಟೆನೇ ಅಡ್ಡ ಬಂತು ಅಂದ." ಗ್ಯಾರಿ ನಗಲು ಹೋಗಿ, ಆಗದೆ, ಟೋಪಿ ತೆಗೆದು ಹಿಡಿದುಕೊಂಡ.

ಮುರಿದ ಗಾಲಿಯನ್ನು ಪೊಲೀಸರು ಒಯ್ದಿದ್ದರು. ಟ್ರಕ್ಕಿನ ಉಳಿದ ಮೂರು ಗಾಲಿಗಳಲ್ಲಿ ಒಳಸುತ್ತು ಟ್ರಕ್ಕಿನಂತೆಯೇ ಹಸಿರಾಗಿತ್ತು, ಹೊರಸುತ್ತು ಕೆಂಪಗೆ ಹೊಳೆಯುತ್ತಿತ್ತು. ಶೆಡ್ಡಿನ ಮೆಟ್ಟಿಲಂಚಿಗೆ ಕೆಂಪು ಪಟ್ಟೆ, ಕೆಟಲಿನ ಹಿಡಿಗೆ ಕೆಂಪು ಟೇಪು, ದೊಡ್ಡ ಸ್ಪ್ಯಾನರಿಗೆ ಕೆಂಪು ಬಟ್ಟೆ.

"ಮುದುಕನಿಗೆ ಕೆಂಪಿನ ಹುಚ್ಚು ಹಿಡಿದಿತ್ತು ಅಂತ ಕಾಣುತ್ತೆ," ಎಂದ ಆಲ್ಫ್. ಬೆಂಚಿನಡಿ ಉರುಳಿದ್ದ ಹಸಿರು ನಟ್ಟೊಂದನ್ನು ಹೆಕ್ಕಿ, "ಒಳಸುತ್ತಿಂದು," ಎಂದು ಅವಳ ಕೈಗಿಟ್ಟ. ಸ್ಪ್ಯಾನರ್ ಕಚ್ಚಿದ ಮೂಲೆಯಲ್ಲಿ ಸಣ್ಣದೊಂದು ಕೆಂಪು ಗೀರಿತ್ತು. ಥೋರಾ ಅದನ್ನು ಜೇಬಿಗೆ ಹಾಕಿಕೊಂಡಳು.

ಅಲ್ಲಿಂದ ಲೈಲ್ ಟ್ವೀಡಿಯ ಮನೆಗೆ ಹೋದರು. ಲೈಲ್ ಕ್ಲೆಮ್‌ನ ಪ್ರಾಣಸ್ನೇಹಿತ. ಟ್ರಕ್ಕು ಯುದ್ಧದಲ್ಲಿ ಹೇಗಿತ್ತೋ ಈಗಲೂ ಹಾಗೇ ಇರಬೇಕೆಂದು ಒಂದು ಸ್ಕ್ರೂವಿಗಾಗಿ ವರ್ಷಗಟ್ಟಲೆ ಅಲೆಯುವವನು. ಈ ಹೊತ್ತು ಮಾತ್ರ ಟ್ರಕ್ಕಿನ ಮಾತೇ ಅವನಿಗೆ ಬೇಡವಾಗಿತ್ತು. ಗೋಡೆಯ ಮೇಲೆ ಕಪ್ಪುಬಿಳುಪಿನ ಫೋಟೋ: ಡಾರ್ವಿನ್ ನಗರದಲ್ಲಿ ಯುದ್ಧಕಾಲದಲ್ಲಿ ತೆಗೆದದ್ದು, ಕ್ಲೆಮ್‌ನದೇ ಟ್ರಕ್ಕು, ಹಿಂದೆ ಶಿಲುಬೆ ಗುರುತಿನ ಆಂಬುಲೆನ್ಸು. ಥೋರಾ ಅದರ ಮುಂದೆ ತುಂಬ ಹೊತ್ತು ನಿಂತಳು. ಆಲ್ಫ್ ತನ್ನ ಕಷ್ಟದ ಕೆಲಸ ಮಾಡಿದ.

ಬುಧವಾರ ಮಧ್ಯಾಹ್ನ ಎಲ್ಲರನ್ನೂ ಸಂಘದ ಕೋಣೆಗೆ ಕರೆಸಿದಳು. ಟೀ ಆರುತ್ತಿತ್ತು, ಲ್ಯಾಮಿಂಗ್ಟನ್ ಕೇಕು ಯಾರಿಗೂ ಬೇಕಿರಲಿಲ್ಲ.

"ಗ್ಯಾರಿ ಕೊಂದಿಲ್ಲ. ಕ್ಲೆಮ್ ಬೇಕಂತಲೂ ಸತ್ತಿಲ್ಲ," ಎಂದಳು. "ಕಟ್ಟೆ ಕಾಣದೆ ಹತ್ತಿಸ್ದ. ಮೆಟ್ಟಿಲಿಗೆ, ಕೆಟಲಿಗೆ, ಸ್ಪ್ಯಾನರಿಗೆ ಕೆಂಪು ಹಚ್ಚಿದ್ದ. ಹುಚ್ಚಲ್ಲ ಆಲ್ಫ್, ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಕಾರ ಅಳಿಸಿಹೋಗಿ ಗಾಢವಾದ ಬಣ್ಣ ಮಾತ್ರ ಉಳಿದಿತ್ತು. ಜೋಸಿ ಕೈಲೇ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿಸ್ದೆ. ಜೂನಿಗೆ ಆಪರೇಷನ್. ಇನ್ನೂ ಬೇಗ ಆಗಲ್ವಾ ಅಂತ ಶುಕ್ರವಾರ ತಾನೇ ಕೇಳಿದ್ನಂತೆ. ಸಾಯೋಕೆ ಹೊರಟೋನು ಕೇಳೋ ಮಾತಾ ಅದು?"

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?" ಎಂದ ಆಲ್ಫ್.

"ಹೇಳಿದ್ರೆ ಸ್ಟೀರಿಂಗ್ ಹೋಗ್ತಿತ್ತು."

ಗ್ಯಾರಿ ನೆಲ ನೋಡಿದ.

ಥೋರಾ ನಟ್ಟನ್ನು ಮೇಜಿನ ಮೇಲಿಟ್ಟಳು. "ಇದು ಒಳಸುತ್ತಿಂದಲ್ಲ. ಮೇಲೆ ಹಸಿರು, ಗೀರಿದ್ರೆ ಅಡಿಯಲ್ಲಿ ಕೆಂಪು. ಆ ಒಂದು ಗಾಲಿಯ ಕೆಂಪಿನ ಮೇಲೆ ಯಾರೋ ಹಸಿರು ಬಳಿದಿದ್ರು. ಬ್ರೇಕ್ ಎಣ್ಣೆ ಸೋರ್ತಿದೆ ಅಂತ ಕ್ಲೆಮ್ ಗಾಲಿ ತೆಗೆಯೋಕೆ ಕೂತ. ಹೊರಸುತ್ತು ನೋಡ್ದ, ಕೆಂಪಿರಲಿಲ್ಲ. ಇದೇ ಬಿಚ್ಚೋ ಸುತ್ತು ಅಂತ ಸ್ಪ್ಯಾನರ್ ಹಾಕ್ದ. ನಮ್ಮೂರಲ್ಲಿ ಹಳೇ ಫೋಟೋ ನೋಡಿ ನಟ್ಟಿಗೆ ಬಣ್ಣ ಹಚ್ಚೋನು ಒಬ್ಬನೇ. ಆ ಫೋಟೋದಲ್ಲಿ ನಟ್ಟೂ ರಿಮ್ಮೂ ಒಂದೇ ಬೂದಿ ಬಣ್ಣ ಕಂಡಿತು ಅಲ್ವಾ ಲೈಲ್? ಹಿಂದಿರೋ ಆಂಬುಲೆನ್ಸಿನ ಶಿಲುಬೆ ನೋಡಿದ್ಯಾ? ಅದೂ ಟ್ರಕ್ಕಿನ ಹಸಿರಿನಷ್ಟೇ ಬೂದಿ. ಅದೇನು ಹಸಿರು ಶಿಲುಬೆನಾ? ಕಪ್ಪುಬಿಳುಪಿನಲ್ಲಿ ಕೆಂಪೂ ಹಸಿರೂ ಒಂದೇ ಥರ ಕಾಣುತ್ತೆ."

ಲೈಲ್ ನಟ್ಟನ್ನು ಕೈಗೆತ್ತಿಕೊಂಡ.

"ಅವನಿಗೆ ಖುಷಿಯಾಗ್ಲಿ ಅಂತ," ಎಂದ. "ಶನಿವಾರ ಅವನು ಊರಲ್ಲಿರ್ಲಿಲ್ಲ. ಯುದ್ಧದಲ್ಲಿ ಈ ಟ್ರಕ್ಕಿಗೆ ಕೆಂಪಿರ್ಲಿಲ್ಲ ಅಂದ್ಕೊಂಡು, ಒಂದು ಗಾಲಿ ಮುಗಿಸಿ ತೋರಿಸೋಣ ಅಂತ. ಭಾನುವಾರದಿಂದ ಹೇಳ್ಬೇಕು ಅಂತಿದ್ದೆ, ಬಾಯಿ ಬರ್ಲಿಲ್ಲ. ಕ್ಲೆಮ್‌ಗೆ ಆ ನಟ್ಟು ಕಣ್ಣು ಮುಚ್ಚಿದ್ರೂ ಗೊತ್ತಾಗುತ್ತೆ ಅಂದ್ಕೊಂಡಿದ್ದೆ."

"ಮುಚ್ಚೇ ಇತ್ತು ಲೈಲ್," ಎಂದಳು ಥೋರಾ, ಮೆತ್ತಗೆ.

ಪೊಲೀಸರಿಗೆ ತಾನೇ ಹೇಳುವುದಾಗಿ ಲೈಲ್ ಎದ್ದ. ಜೋಸಿ ಬಾಗಿಲಿಗೆ ಅಡ್ಡ ನಿಂತಳು. ಹೊಡೆಯುತ್ತಾಳೆಂದು ಆಲ್ಫ್ ಅರ್ಧ ಎದ್ದ.

"ನಾಲ್ಕು ದಿನ," ಎಂದಳು. "ನಾಲ್ಕು ದಿನ ಊರೆಲ್ಲ ನಮ್ಮಪ್ಪನ ಬಗ್ಗೆ ಆಡ್ಕೊಂಡ್ರು. ನೀನು ಕೇಳಿಸ್ಕೊಂಡು ಸುಮ್ನಿದ್ದೆ."

"ಹೌದು."

"ನಿನ್ನ ಮುಖ ನೋಡೋಕೆ ನನಗಾಗಲ್ಲ. ಯಾವಾಗ ಆಗುತ್ತೋ ಗೊತ್ತಿಲ್ಲ." ಅವಳು ಕಣ್ಣೊರೆಸಿಕೊಳ್ಳಲಿಲ್ಲ. "ಆದ್ರೆ ತನ್ನ ಶವಪೆಟ್ಟಿಗೆ ಯಾರು ಹೊರ್ಬೇಕು ಅಂತ ಅಮ್ಮ ಹೋದಾಗ್ಲೇ ಅಪ್ಪ ಹೇಳಿದ್ದ. ಮೊದಲ ಹೆಸರು ನಿಂದು. ನಾಳೆ ಹತ್ತು ಗಂಟೆಗೆ ಬಾ. ಕೋಟು ಹಾಕ್ಕೊಂಡು ಬಾ."