ದಪ್ಪಯ್ಯನ ಎಡಗಿವಿ

"ಔಷಧಿ ಬಾಟಲಿ ಕಂಡ ತಕ್ಷಣ ಇವನಿಗೆ ಎಲ್ಲಿಂದ ಬರುತ್ತೋ ಈ ಬುದ್ಧಿ" ಎಂದು ಗೊಣಗುತ್ತ ಈಜು ಟೀಚರ್ ಮಂಚದ ಕೆಳಗೆ ಅರ್ಧ ತೂರಿಕೊಂಡಿದ್ದಳು. ಆಚೆ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಕೂತಿದ್ದ ದಪ್ಪಯ್ಯ. ಜೋತುಬಿದ್ದ ಉದ್ದ ಕಿವಿಗಳ, ಕಂದು ಬಣ್ಣದ, ಹೆಸರಿಗೆ ತಕ್ಕ ನಾಯಿ. ಕರೆದರೆ ಬಾರ, ಬಿಸ್ಕತ್ತಿಗೆ ಬಗ್ಗ, ಎಳೆದರೆ ಅಲುಗ.

ಅವಳು ಮಕ್ಕಳಿಗೆ ಈಜು ಕಲಿಸಲು ಹೋಗುವಾಗ ಇವನೂ ಬೆನ್ನು ಹತ್ತಿ ಹೊರಡುತ್ತಿದ್ದ. ಮಕ್ಕಳು ಮೆಟ್ಟಿಲ ಮೇಲೆ ಹೆದರಿ ನಿಂತಿದ್ದಾಗ ಇವನು ಆಗಲೇ ನೀರಿನಲ್ಲಿರುತ್ತಿದ್ದ. ಮುಚ್ಚಿದ ಕಿವಿಯೊಳಗೆ ನೀರು ನಿಂತು, ಗಾಳಿಯಾಡದೆ, ಎಡಗಿವಿಗೆ ಸೋಂಕು ತಗುಲಿ ಹುಳಿ ವಾಸನೆ ಬರತೊಡಗಿತ್ತು.

ನಾಯಿ ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ತೊಳೆಯುವ ದ್ರಾವಣವನ್ನು ಕಿವಿ ತುಂಬ ಸುರಿಯಬೇಕು. ಕಿವಿಯ ಬುಡವನ್ನು ಪಚಪಚ ಸದ್ದು ಬರುವ ತನಕ ತಿಕ್ಕಬೇಕು. ಆಮೇಲೆ ತಲೆ ಹಿಡಿದುಕೊಂಡಿರಬಾರದು, ಅವನು ಜೋರಾಗಿ ಒದರಿದರೇ ಒಳಗಿನ ಕೊಳೆ ಹೊರಗೆ ಬರುವುದು. ಹತ್ತಿಯಿಂದ ಕಣ್ಣಿಗೆ ಕಾಣುವಷ್ಟನ್ನು ಮಾತ್ರ ಒರೆಸಬೇಕು, ಕಡ್ಡಿಗಿಡ್ಡಿ ತೂರಿಸುವ ಹಾಗಿಲ್ಲ. ಕಡೆಗೆ ಔಷಧಿಯ ಹನಿ. ಕೇಳುವಾಗ ಇದೇನು ಮಹಾ ಅನ್ನಿಸಿತ್ತು. ಮನೆಗೆ ಬಂದ ಮೇಲೆ ತಿಳಿಯಿತು, ಇದು ಎರಡು ಕೈಯ ಕೆಲಸವಲ್ಲ, ನಾಲ್ಕು ಕೈಯದು ಅಂತ.

"ಕೆಳಗಿನ ಹುಡುಗನ್ನ ಕರೀತೀನಿ ತಡಿ" ಎಂದರು ಅಮ್ಮ ಬಾಗಿಲಿನಿಂದ.

"ಯಾರನ್ನೂ ಕರೀಬೇಡಮ್ಮ."

ಅಮ್ಮ ಆಗಲೇ ಕರೆದಾಗಿತ್ತು. ಕಿವಿ ಕೇಳಿಸದವರಿಗೆ ಇದೊಂದು ಅನುಕೂಲ, ಬೇಡದ್ದು ಕೇಳಿಸುವುದೇ ಇಲ್ಲ.

ಕೆಳಗಿನ ಹುಡುಗನೆಂದರೆ ಕೆಳಮಹಡಿಯಲ್ಲಿ ಕಿವಿ ಮಷೀನಿನ ಅಂಗಡಿ ಇಟ್ಟವನು. ಕಿವಿ ಮಂದವಾದವರನ್ನು ಪರೀಕ್ಷಿಸಿ, ತಕ್ಕ ಮಷೀನು ಕೂಡಿಸಿ ಕಳಿಸುವುದು ಅವನ ಕಸುಬು. ಅಮ್ಮನ ಮಷೀನೂ ಅವನದೇ. ಬೀದಿಯವರು ಅವನನ್ನೇ ಮಷೀನು ಎಂದು ಕರೆಯುತ್ತಿದ್ದರು. ಕಿವಿ ಪರೀಕ್ಷೆಗೆಂದು ದಿನವಿಡೀ ಮೆಲ್ಲಗೆ ಮಾತಾಡಿ ಮಾತಾಡಿ ಅವನ ದನಿ ಅಲ್ಲೇ ನಿಂತುಬಿಟ್ಟಿತ್ತು.

"ಯಾವ ಕಡೆಯಿಂದ ಹಿಡೀಲಿ?" ಮಂಚದ ಹೊರಗೆ ಆ ದನಿ ಕೇಳಿಸಿತು.

"ಏನು?"

"ನಾಯಿನ. ಯಾವ ಕಡೆಯಿಂದ?"

"ಸ್ವಲ್ಪ ಜೋರಾಗಿ ಮಾತಾಡ್ರೀ. ಊಟ ಮಾಡಿಲ್ವಾ?"

ಅವಳು ಕೂದಲ ತುಂಬ ಧೂಳು ಹೊತ್ತು ಹೊರಗೆ ಬಂದಳು. ಅವನು ನಗಲಿಲ್ಲ. ನಗದಿರಲು ಎಷ್ಟು ಕಷ್ಟಪಡುತ್ತಿದ್ದಾನೆಂದು ಅವನ ಮೂಗಿನ ಹೊಳ್ಳೆಗಳು ಹೇಳುತ್ತಿದ್ದವು. ಅದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು.

ಆವತ್ತಿನಿಂದ ಅವನು ದಿನವೂ ಸಂಜೆ ಅಂಗಡಿ ಮುಚ್ಚಿ ಮೇಲೆ ಬರತೊಡಗಿದ. ನೆಲದ ಮೇಲೆ ಮಂಡಿಯೂರಿ, ದಪ್ಪಯ್ಯನನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು, ಎರಡೂ ಕೈಯಿಂದ ಅವನ ಗಲ್ಲ ಹಿಡಿಯುತ್ತಿದ್ದ. ಅವಳು ಬಾಗಿ ಕಿವಿ ಎತ್ತಿ ದ್ರಾವಣ ಸುರಿಯುತ್ತಿದ್ದಳು.

ಅವನಿಗೆ ಎಲ್ಲವೂ ನಿಧಾನ. "ಬಾಟಲಿನ ಸ್ವಲ್ಪ ಹೊತ್ತು ಅಂಗೈಲಿ ಹಿಡ್ಕೊಳ್ಳಿ. ತಣ್ಣಗಿದ್ರೆ ತಲೆ ತಿರುಗುತ್ತೆ."

"ಅದು ಮನುಷ್ಯರಿಗೆ."

"ಅವನೂ ಮನುಷ್ಯನ ಹಾಗೇ ನೋಡ್ತಿದಾನೆ, ನೋಡಿ."

ನೋಡಿದಳು. ನಾಯಿಯನ್ನು ನೋಡುವ ನೆವದಲ್ಲಿ ನಾಯಿಯ ಗಲ್ಲದ ಕೆಳಗಿದ್ದ ಕೈಯನ್ನು ನೋಡಿದಳು. ಉಗುರು ಚೊಕ್ಕಟವಾಗಿ ಕತ್ತರಿಸಿದ, ಅವಸರವೇ ಗೊತ್ತಿಲ್ಲದ ಕೈ. ತಲೆ ಎತ್ತಿದರೆ ಅವನು ಅವಳನ್ನೇ ನೋಡುತ್ತಿದ್ದ. ಕಣ್ಣು ಸೇರಿದ್ದೇ ಅವನು ದಪ್ಪಯ್ಯನ ಹಣೆಯ ಮೇಲೆ ಇಲ್ಲದ ಧೂಳನ್ನು ಒರೆಸತೊಡಗಿದ. ಇವನೊಬ್ಬ, ಎಂದುಕೊಂಡಳು. ಆದರೂ ಮರುದಿನ ಕೊಳದಿಂದ ಬಂದವಳು ತಲೆ ಬಾಚಿಕೊಂಡಳು, ಅಮ್ಮ ಅದನ್ನು ನೋಡಿಯೂ ನೋಡದವರಂತೆ ಟಿವಿಯ ಕಡೆ ತಿರುಗಿದರು.

ಆ ಸಂಜೆಯೇ ಎಡವಟ್ಟಾದದ್ದು.

ಅವಳು ಕಿವಿಯ ಬುಡ ತಿಕ್ಕುತ್ತಿದ್ದಳು. ಪಚಪಚ ಸದ್ದು ಜೋರಾಗಿತ್ತು. ಅದರ ನಡುವೆ ಅವನು ತಲೆ ತಗ್ಗಿಸಿ, ನಾಯಿಗೆ ಹೇಳುವಂತೆ, ಏನೋ ಹೇಳತೊಡಗಿದ. ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಅಷ್ಟರಲ್ಲಿ ದಪ್ಪಯ್ಯನ ಭುಜ ನಡುಗಿತು. ಒದರಲು ಹೊರಟಿದ್ದಾನೆ, ಈ ಮಹಾರಾಯ ನೋಡಿದರೆ ತಲೆ ಗಟ್ಟಿಯಾಗಿ ಹಿಡಿದೇ ಇದ್ದಾನೆ.

"ಬಿಡಿ ಬಿಡಿ" ಎಂದಳು ಅವಳು.

ಅವನು ತಲೆ ಎತ್ತಿದ. "ಬಿಡೋದಾ?"

"ಬಿಟ್ಬಿಡಿ ಅಂದ್ನಲ್ಲ. ಎಷ್ಟು ಸಲ ಹೇಳೋದು ನಿಮಗೆ?"

ಅವನ ಕೈ ಸಡಿಲಾಯಿತು. ದಪ್ಪಯ್ಯ ಕಿವಿಗಳನ್ನು ಪಟಪಟ ಬಡಿದು ಅವಳ ಮುಖಕ್ಕೆಲ್ಲ ಕೊಳೆ ಚಿಮ್ಮಿಸಿದ. ಅವಳು ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಅವನು ಎದ್ದು ನಿಂತಿದ್ದ.

"ಕ್ಷಮಿಸಿ" ಎಂದ. ಮುಖ ಬೆಳ್ಳಗಾಗಿತ್ತು.

"ಪರವಾಗಿಲ್ಲ, ತೊಳ್ಕೊಂಡ್ರೆ ಹೋಗುತ್ತೆ."

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೆಟ್ಟಿಲಲ್ಲಿ ಎದುರಾದಾಗ "ನಮಸ್ಕಾರ ಮೇಡಂ" ಎಂದು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ. ಮೇಡಂ ಅಂತೆ. ಅವಳು ಒಬ್ಬಳೇ ದಪ್ಪಯ್ಯನ ಜೊತೆ ಗುದ್ದಾಡಿದಳು. ಎತ್ತು ಏರಿಗೆ, ಕೋಣ ನೀರಿಗೆ. ದ್ರಾವಣ ನೆಲಕ್ಕೆ, ಔಷಧಿ ಅವಳ ಸೀರೆಗೆ, ಕಿವಿಗೆ ಮಾತ್ರ ಏನೂ ಇಲ್ಲ. ಅಮ್ಮ ಬೇರೆ ಯಾಕೋ ಮುಖ ಊದಿಸಿಕೊಂಡಿದ್ದರು. ಕಾಫಿ ಲೋಟವನ್ನು ಮೇಜಿಗೆ ಕುಕ್ಕಿ ಇಡುವುದು, ಸುಮ್ಮಸುಮ್ಮನೆ ನಿಟ್ಟುಸಿರು ಬಿಡುವುದು. ಕೇಳಿದರೆ "ನಿನ್ನ ಹಣೆಬರಹ, ನಾನೇನು ಮಾಡ್ಲಿ" ಎಂಬ ಉತ್ತರ.

ಮತ್ತೆ ತೋರಿಸಲು ಹೋದಾಗ ಡಾಕ್ಟರಮ್ಮ ದೀಪ ಹಾಕಿ ಕಿವಿಯೊಳಗೆ ನೋಡಿ ಹುಬ್ಬು ಗಂಟಿಕ್ಕಿದರು.

"ಮಧ್ಯದಲ್ಲಿ ನಿಲ್ಲಿಸಿದ್ರಾ?"

"ಹಿಡಿಯೋರು ಬರ್ತಿಲ್ಲ ಡಾಕ್ಟ್ರೇ."

"ಹಾಗಾದ್ರೆ ಹಿಡಿಯೋರನ್ನ ಹೋಗಿ ಹಿಡ್ಕೊಂಡು ಬನ್ನಿ. ಒಳಗೆ ಊದ್ಕೊಂಡಿದೆ. ಹೀಗೇ ಆದ್ರೆ ದಾರಿ ಮುಚ್ಚೋಗುತ್ತೆ, ಆಮೇಲೆ ಆಪರೇಷನ್ನೇ ಗತಿ. ಈ ಕಿವಿ ಕೇಳಿಸೋದೂ ಅಷ್ಟಕ್ಕಷ್ಟೆ."

ದಾರಿಯುದ್ದಕ್ಕೂ ದಪ್ಪಯ್ಯ ತಲೆಯನ್ನು ಎಡಕ್ಕೆ ವಾಲಿಸಿಕೊಂಡೇ ನಡೆದ. ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಮನೆಗೆ ಬಂದವಳೇ ಅಮ್ಮನ ಎದುರು ಒದರಿದಳು. "ನಿನ್ನ ಕೆಳಗಿನ ಹುಡುಗನ್ನ ನೋಡಿದ್ಯಾ? ಅರ್ಧಕ್ಕೇ ಕೈ ಕೊಟ್ಟು ಹೋದ."

ಅಮ್ಮ ಟಿವಿ ಆರಿಸಿದರು. "ಅವನು ಕೈ ಕೊಟ್ನಾ? ಪಾಪ, ಅಷ್ಟು ಬಾಯ್ಬಿಟ್ಟು ಹೇಳ್ಕೊಂಡ. ನೀನು ಬಿಡಿ ಬಿಡಿ ಅಂತ ನೊಣ ಓಡ್ಸಿದ ಹಾಗೆ ಓಡ್ಸಿದೆ."

"ಏನು ಹೇಳ್ಕೊಂಡ?"

"ನಾಟಕ ಆಡ್ಬೇಡ."

"ಅಮ್ಮಾ, ನಂಗೆ ನಿಜವಾಗ್ಲೂ ಕೇಳಿಸ್ಲಿಲ್ಲ."

ಅಮ್ಮ ಮಗಳ ಮುಖವನ್ನು ದಿಟ್ಟಿಸಿ ನೋಡಿದರು. ಆಮೇಲೆ ಹಣೆ ಬಡಿದುಕೊಂಡರು. "ಇದೇನೇ ಇದು. ಕಿವುಡಿ ನಾನೋ ನೀನೋ? 'ಈ ಕಿವಿ ವಾಸಿಯಾಗೋದೇ ಬೇಡ ಅನ್ಸುತ್ತೆ, ವಾಸಿಯಾದ್ರೆ ಮೇಲೆ ಬರೋಕೆ ನೆಪ ಇರಲ್ಲ' ಅಂದ. ಆಮೇಲೆ 'ನಾನು ನಿಮ್ಮನ್ನ' ಅಂತ ಶುರು ಮಾಡ್ದ."

"ನಿಮ್ಮನ್ನ?"

"ನನ್ನ ಮಷೀನಿನ ಬ್ಯಾಟರಿ ಮುಗೀತು."

"ಅಮ್ಮಾ."

"ನಾನೇನು ಮಾಡ್ಲಿ? ಮಿಕ್ಕಿದ್ದು ಕೇಳಿಸ್ಲಿಲ್ಲ. ನೀನು ಬಿಡಿ ಬಿಡಿ ಅಂದಿದ್ದು ಮಾತ್ರ ತುಟಿ ನೋಡೇ ಗೊತ್ತಾಯ್ತು. ನಿನ್ನ ಬಾಯಿ ಓದೋಕೆ ನಂಗೆ ಬ್ಯಾಟರಿ ಬೇಕಾಗಿಲ್ಲ."

ಅವಳು ಮೆಟ್ಟಿಲು ಇಳಿದದ್ದೇ ಗೊತ್ತಾಗಲಿಲ್ಲ. ಅಂಗಡಿಯಲ್ಲಿ ಅವನು ಮುದುಕರೊಬ್ಬರಿಗೆ ಹೊಸ ಮಷೀನು ಕೂಡಿಸುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ನಾನು ಬಿಡಿ ಅಂದಿದ್ದು ನಾಯಿ ತಲೆನ."

"ಏನು?" ಎಂದ ಅವನು.

"ಅವನು ಒದರೋಕೆ ಹೊರಟಿದ್ದ, ನೀವು ಹಿಡ್ಕೊಂಡೇ ಇದ್ರಿ. ತಲೆ ಬಿಡಿ ಅಂದೆ. ನೀವು ಹೇಳ್ತಿದ್ದ ವಿಷಯ ಬಿಡಿ ಅಂತಲ್ಲ. ಆ ವಿಷಯ ನಂಗೆ ಕೇಳಿಸ್ಲೂ ಇಲ್ಲ. ನಿಮ್ಮ ದನಿ ಯಾರಿಗೆ ಕೇಳಿಸುತ್ತೆ?"

ಅವನ ಕತ್ತಿನಿಂದ ಕೆಂಪು ಏರುತ್ತ ಏರುತ್ತ ಕಿವಿಗೆ ಬಂದು ನಿಂತಿತು. ಕುರ್ಚಿಯಲ್ಲಿದ್ದ ಮುದುಕರು ಅರಳಿದ ಮುಖದಿಂದ "ಮಷೀನು ಚೆನ್ನಾಗಿದೆಯಪ್ಪ, ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸ್ತಿದೆ" ಎಂದರು.

"ಸಂಜೆ ಬರ್ತೀನಿ" ಎಂದ ಅವನು, ನೆಲ ನೋಡುತ್ತ.

ಬಂದ. ಅವತ್ತೂ ಬಂದ, ಮುಂದೆ ಒಂದು ಸಂಜೆಯೂ ತಪ್ಪಿಸಲಿಲ್ಲ. ಹಿಡಿದ, ಬಿಟ್ಟ, ಒರೆಸಿದ, ಹನಿಗೆ ಕಿವಿ ಎತ್ತಿ ಕೊಟ್ಟ. ಆ ಮಾತೊಂದನ್ನು ಬಿಟ್ಟು ಲೋಕದ ಎಲ್ಲ ಮಾತೂ ಆಡಿದ. ಅವಳು ಕಿವಿಯ ಬುಡ ತಿಕ್ಕುವುದನ್ನು ನಿಲ್ಲಿಸಿ ಕಾದಳು. ಟಿವಿ ಆರಿಸಿ ಕಾದಳು. ಅಮ್ಮನಂತೂ ಹೊಸ ಬ್ಯಾಟರಿ ಹಾಕಿಕೊಂಡು ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗದಂತೆ ನಿಂತಿರುತ್ತಿದ್ದರು. ಇವನು "ಇವತ್ತು ವಾಸನೆ ಕಮ್ಮಿಯಾಗಿದೆ ಅಲ್ವಾ?" ಎನ್ನುತ್ತಿದ್ದ.

ಒಮ್ಮೆ ಏಟು ತಿಂದವನು, ಹೆದರಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ತಾನೇ ಹೇಳಬಹುದಿತ್ತು. ಆದರೆ ಅವಳಿಗೊಂದು ಹಟ. ತನಗಾಗಿ ಆಡಿದ ಮಾತು, ಅದನ್ನು ನಾಯಿ ಕೇಳಿದೆ, ಅಮ್ಮ ಅರ್ಧ ಕೇಳಿದ್ದಾರೆ, ತಾನು ಮಾತ್ರ ಕೇಳಿಲ್ಲ. ರಾತ್ರಿ ಮಲಗಿದಾಗ ಆ ವಾಕ್ಯದ ಕೊನೆಯನ್ನು ತಾನೇ ನೂರು ಬಗೆಯಲ್ಲಿ ಕಟ್ಟಿ ನೋಡುತ್ತಿದ್ದಳು. ಯಾವುದೂ ಅವನ ದನಿಯಲ್ಲಿ ಕೂರುತ್ತಿರಲಿಲ್ಲ.

ಕಿವಿ ವಾಸಿಯಾಯಿತು. "ಎಷ್ಟು ಚೊಕ್ಕಟ ಇದೆ, ಭೇಷ್" ಎಂದರು ಡಾಕ್ಟರಮ್ಮ. "ಔಷಧಿ ಇನ್ನು ಸಾಕು. ನೀರಿಗಿಳಿದ ದಿನ ಒಣಗಿಸಿ, ಅಷ್ಟೆ." ದಪ್ಪಯ್ಯ ತಲೆ ನೆಟ್ಟಗೆ ಮಾಡಿಕೊಂಡು ಕುಣಿಯುತ್ತ ಮನೆಗೆ ಬಂದ. ಆ ಸಂಜೆ ಕೆಳಗಿನವನು ಬರಲಿಲ್ಲ. ಬರಲು ಕಾರಣವಿರಲಿಲ್ಲ. ಕಾರಣವಿಲ್ಲದೆ ಬರುವಷ್ಟು ಧೈರ್ಯ ಆ ಪ್ರಾಣಿಗೆ ಇರಲಿಲ್ಲ. ಅವಳು ಊಟ ಬಿಟ್ಟು ಎದ್ದಳು. ಇವನು ನನಗೆ ಬೇಕು, ಎಂದು ಮೊದಲ ಸಲ ಮನಸ್ಸಿನಲ್ಲೇ ನೇರವಾಗಿ ಅಂದುಕೊಂಡಳು. ಅಂದುಕೊಂಡ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು.

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವುದಕ್ಕೇ ಕಾದಿದ್ದಳು.

"ನನ್ನ ಕಿವಿ ಪರೀಕ್ಷೆ ಮಾಡಿ."

"ನಿಮಗೇನಾಗಿದೆ?"

"ಮುಖ್ಯವಾದ ಮಾತುಗಳು ಕೇಳಿಸ್ತಿಲ್ಲ."

ಅವನು ಸದ್ದು ನುಗ್ಗದಂತೆ ಗೋಡೆಗೆ ಮೆತ್ತೆ ಹಚ್ಚಿದ ಪುಟ್ಟ ಕೋಣೆಯಲ್ಲಿ ಅವಳನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟ. "ಕೇಳಿಸಿದಾಗ ಒತ್ತಿ. ಹೊರಗೆ ದೀಪ ಹತ್ತುತ್ತೆ. ನೀವು ಮಾತಾಡಿದ್ರೂ ಇಲ್ಲಿನ ಮೈಕಿಂದ ನಂಗೆ ಕೇಳಿಸುತ್ತೆ." ಬಾಗಿಲು ಮುಚ್ಚಿ, ಗಾಜಿನ ಆಚೆ ಹೋಗಿ ಕೂತ.

ಮೊದಲು ಸಣ್ಣ ಸಣ್ಣ ಶಿಳ್ಳೆ. ಅವಳು ಒತ್ತಿದಳು. ದೀಪ ಹತ್ತಿತು. ಆಮೇಲೆ ಅವನು ಮೈಕಿನಲ್ಲಿ ಪದಗಳನ್ನು ಓದತೊಡಗಿದ. "ಮನೆ. ಕೊಡೆ. ಹಸು."

ಅವಳು ಗುಂಡಿಯನ್ನು ತೊಡೆಯ ಮೇಲಿಟ್ಟು ಗಾಜಿನ ಮೂಲಕ ಅವನನ್ನೇ ನೋಡಿದಳು. "ಹಸು ಬೇಡ. ಆವತ್ತು ನಾಯಿ ಕಿವಿಗೆ ಹೇಳಿದ್ರಲ್ಲ, ಅದನ್ನ ಓದಿ."

ಅವನು ಹಾಳೆ ಮಡಿಸಿ ಪಕ್ಕಕ್ಕಿಟ್ಟ. ಮೈಕಿಗೆ ಬಾಗಿದ. ಅವನ ಉಸಿರು ಮೊದಲು ಬಂತು, ಎರಡೂ ಕಿವಿಗೆ ಒಟ್ಟಿಗೆ.

"ನಾನು ನಿಮ್ಮನ್ನ ಇಷ್ಟಪಡ್ತೀನಿ. ನೀವು ಬೈಯೋದೂ ಸೇರಿಸಿ. ಕೆಳಗೆ ಕೂತಿರುವಾಗ ಮೇಲೆ ನಿಮ್ಮ ಹೆಜ್ಜೆ ಸದ್ದು ಕೇಳಿದ್ರೆ ನನ್ನ ಕೆಲಸ ನಿಂತು ಹೋಗುತ್ತೆ. ಅದೇ ಮನೇಲಿ, ನಿಮ್ಮ ಜೊತೆ ಇರಬೇಕು ಅಂತ ಆಸೆ."

ಅವಳ ಕಣ್ಣು ತುಂಬಿ ಬಂತು. ಗುಂಡಿ ಒತ್ತಲಿಲ್ಲ.

"ಕೇಳಿಸ್ಲಿಲ್ವಾ?" ಎಂದ ಅವನು.

"ಇನ್ನೊಂದ್ಸಲ. ಜೋರಾಗಿ."

ಅವನು ಕಣ್ಣು ಮುಚ್ಚಿಕೊಂಡು ಮತ್ತೆ ಹೇಳಿದ. ಈ ಸಲ ಎಷ್ಟು ಜೋರಾಗಿತ್ತೆಂದರೆ ಮೇಲಿನ ಮನೆಯಲ್ಲಿ ಪಾತ್ರೆಯೊಂದು ಕೆಳಗೆ ಬಿತ್ತು. ಅವಳು ಗುಂಡಿ ಒತ್ತಿದಳು. ಗಾಜಿನ ಆಚೆ ದೀಪ ಹತ್ತಿ ಅವನ ಮುಖದ ಮೇಲೆ ಬೆಳಕು ಬಿತ್ತು.

ಅವನು ಕಣ್ಣು ತೆರೆದ. ದೀಪ ಉರಿಯುತ್ತಲೇ ಇತ್ತು. ಅವಳನ್ನು ನೋಡಿದ, ದೀಪವನ್ನು ನೋಡಿದ, ಕಡೆಗೂ ಮೂಗಿನ ಹೊಳ್ಳೆ ಮೀರಿ ನಗು ಮುಖಕ್ಕೆಲ್ಲ ಹರಡಿತು.

"ಅಷ್ಟು ಹೊತ್ತು ಒತ್ತಿ ಹಿಡ್ಕೋಬಾರದು. ಗುಂಡಿ ಹಾಳಾಗುತ್ತೆ."

"ಹಾಳಾಗ್ಲಿ" ಎಂದಳು ಅವಳು.