ರಾಜನ ತಲೆಯ ಹಿಂದಿನ ಗೆರೆಗಳು

ಸರಿಮಾಡಿ ಕೊಟ್ಟ ಗಡಿಯಾರದ ಗಾಜಿನೊಳಗೆ ಇರುವೆಯೊಂದು ಸತ್ತು ಬಿದ್ದಿದೆ ಎಂದು ಜಗಳವಾಡಲು ಆರೋಗ್ಯಮೇರಿ ಪೇಟೆಯ ಚಿಕ್ಕ ಗಡಿಯಾರ ಗೋಪುರದ ಹತ್ತಿರವಿದ್ದ ಅಮಲದಾಸನ ಅಂಗಡಿಗೆ ಬಂದಳು. ಅದು ೧೯೧೨ನೇ ಇಸವಿಯ ಜುಲೈ ತಿಂಗಳು, ಒಂದು ಬುಧವಾರದ ಬೆಳಿಗ್ಗೆ.

"ನೋಡಿ, ನಾಲ್ಕರ ಅಂಕಿ ಪಕ್ಕ," ಎಂದು ಅವಳು ತಂದೆಯ ಗಡಿಯಾರವನ್ನು ಮೇಜಿನ ಮೇಲಿಟ್ಟಳು. "ದೊಡ್ಡ ಮುಳ್ಳು ಬಂದಾಗಲೆಲ್ಲ ಅದನ್ನ ತಳ್ಕೊಂಡು ಹೋಗುತ್ತೆ. ನಮ್ಮಪ್ಪ ಅದಕ್ಕೆ ಹೆಸರು ಬೇರೆ ಇಟ್ಟಿದ್ದಾರೆ."

ಅಮಲದಾಸ ಗಡಿಯಾರವನ್ನು ಕಣ್ಣಿನ ಹತ್ತಿರ ಹಿಡಿದ. ಆ ಕಡೆ ಈ ಕಡೆ ತಿರುಗಿಸಿದ. "ಯಾವ ಇರುವೆ?" ಎಂದ.

ತನ್ನನ್ನು ಗೇಲಿ ಮಾಡುತ್ತಿದ್ದಾನೆ ಎಂದುಕೊಂಡು ಅವಳಿಗೆ ಕೆಂಡದಂಥ ಸಿಟ್ಟು ಬಂತು. ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವನು ಸಣ್ಣ ತಿರುಪುಳಿಗಾಗಿ ಕೈ ಚಾಚಿದ. ತಿರುಪುಳಿ ಅವನೆದುರಿಗೇ ಇತ್ತು. ಅವನ ಬೆರಳುಗಳು ಅದರ ಪಕ್ಕದಲ್ಲೇ ಒಮ್ಮೆ ಹಾದುಹೋದವು, ಇನ್ನೊಮ್ಮೆ ಹಾದುಹೋದವು. ಮೂರನೆಯ ಸಲ ಅವಳೇ ಅದನ್ನು ಅವನ ಬೆರಳಿಗೆ ತಾಗುವಂತೆ ಸರಿಸಿದಳು.

"ನಿಮಗೆ ಕಾಣ್ತಾ ಇಲ್ಲ, ಅಲ್ವಾ?" ಎಂದು ಮೆಲ್ಲಗೆ ಕೇಳಿದಳು.

ವರ್ಷವಾಗಿತ್ತು, ಅವನು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತೊಂಬತ್ತನೇ ವಯಸ್ಸಿಗೇ ಬಲಗಣ್ಣಿಗೆ ಪೊರೆ ಬಂದಿತ್ತು. ಈಗ ಎಡಗಣ್ಣಿಗೂ ಮಂಜು ಕವಿಯುತ್ತಿತ್ತು. ಗಡಿಯಾರದ ಹಲ್ಲು, ಚಕ್ರಗಳೆಲ್ಲ ಬೆರಳಿಗೆ ಪರಿಚಯವಾಗಿದ್ದರಿಂದ ಹೇಗೋ ಕೆಲಸ ಸಾಗುತ್ತಿತ್ತು. ಸತ್ತ ಇರುವೆ ಮಾತ್ರ ಬೆರಳಿಗೆ ಸಿಗುವಂಥದ್ದಲ್ಲ. ಎದುರು ನಿಂತವಳು ಅರಮನೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ ಸಂತಿಯಾಗುವಿನ ಮಗಳು, ಕಾನ್ವೆಂಟಿನಲ್ಲಿ ಲೇಸು ಹೆಣೆಯುವುದನ್ನು ಕಲಿಸುವವಳು. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಆದರೂ ಆ ದನಿಯಲ್ಲಿ ಸಿಟ್ಟು ಇಳಿದು ಇನ್ನೇನೋ ಬಂದು ಕೂತದ್ದು ಕೇಳಿಸಿ, ಅವನು ಎಲ್ಲವನ್ನೂ ಹೇಳಿಬಿಟ್ಟ. ಕಣ್ಣಿನ ವಿಷಯ ಹೇಳಿದ. ಮೇಜಿನ ಖಾನೆಯಲ್ಲಿದ್ದ, ಎರಡು ದಿನದಿಂದ ಅವನ ನಿದ್ದೆ ಕೆಡಿಸಿದ್ದ ವಸ್ತುವಿನ ವಿಷಯವನ್ನೂ ಹೇಳಿದ.

ಅದೊಂದು ಚಿನ್ನದ ನಾಣ್ಯ. ರೇಷ್ಮೆ ವ್ಯಾಪಾರಿ ವೃಷಭೇಂದ್ರಪ್ಪನವರಿಗೆ ನಾಣ್ಯಗಳ ಹುಚ್ಚು. ಅವರು ಕೊಳ್ಳುವ ಪ್ರತಿಯೊಂದನ್ನೂ ಪರೀಕ್ಷೆ ಮಾಡಿ ಹೇಳುವುದು ಆರು ವರ್ಷದಿಂದ ಅಮಲದಾಸನ ಕೆಲಸ. ಸೋಮವಾರ ಬೆಂಗಳೂರಿನ ದಂಡಿನಿಂದ ಮರಿಸ್ವಾಮಿ ಎಂಬ ವ್ಯಾಪಾರಿ ಕೆಂಪು ಚರ್ಮದ ಡಬ್ಬಿಯಲ್ಲಿ ಒಂದು ಸವರನ್ ತಂದಿದ್ದ. ಹಿಂದಿನ ವರ್ಷ ಹೊಸ ದೊರೆಯ ಪಟ್ಟಾಭಿಷೇಕಕ್ಕೆಂದು ಲಂಡನ್ನಿನಲ್ಲಿ ಅಚ್ಚಾದದ್ದು. ಸಾಮಾನ್ಯ ಸವರನ್ ಅಲ್ಲ, ಪ್ರೂಫ್. ಅಚ್ಚನ್ನೂ ಚಿನ್ನದ ಬಿಲ್ಲೆಯನ್ನೂ ಕನ್ನಡಿಯಂತೆ ಉಜ್ಜಿ, ಒಂದೊಂದನ್ನೇ ಒತ್ತಿ ತೆಗೆದದ್ದು. ಚಲಾವಣೆಗಲ್ಲ, ಇಟ್ಟು ನೋಡುವುದಕ್ಕೆ. ಅದರ ಬೆಲೆಯೆಲ್ಲ ಅದು ಇರುವ ಸ್ಥಿತಿಯಲ್ಲಿ. ಒಂದು ಬಟ್ಟೆ ತಾಗಿದರೂ ಕನ್ನಡಿ ಕೆಟ್ಟಿತು.

ಸೋಮವಾರ ಎಲ್ಲರೆದುರು ಅಮಲದಾಸ ಅದನ್ನು ಕಣ್ಣಿಗೆ ಹಿಡಿದಾಗ ಕಂಡದ್ದು ಹೊಂಬಣ್ಣದ ಮಂಜು. ಕಾಣುತ್ತಿಲ್ಲ ಎನ್ನಲು ಧೈರ್ಯ ಬರಲಿಲ್ಲ. ಒಂದು ಕೂದಲೆಳೆಯಷ್ಟೂ ದೋಷವಿಲ್ಲ ಎಂದುಬಿಟ್ಟ. ಆ ಮಾತಿನ ಮೇಲೆ ವೃಷಭೇಂದ್ರಪ್ಪ ಮಾಮೂಲಿ ಸವರನ್ನಿನ ಹತ್ತರಷ್ಟು ಬೆಲೆ ಕೊಟ್ಟು ಅದನ್ನು ಕೊಂಡರು. ನಿಧಾನವಾಗಿ ಇನ್ನೊಮ್ಮೆ ನೋಡಿ ಶನಿವಾರ ಹತ್ತು ಗಂಟೆಗೆ ಬರಹದಲ್ಲಿ ಕೊಡು ಎಂದು ನಾಣ್ಯವನ್ನು ಅವನ ವಶಕ್ಕೇ ಕೊಟ್ಟರು. ದೋಷ ಕಂಡರೆ ಅವತ್ತು ವಾಪಸು ತೆಗೆದುಕೊಳ್ಳುವುದಾಗಿ ಮರಿಸ್ವಾಮಿಯೂ ಒಪ್ಪಿದ್ದ.

ಆರೋಗ್ಯಮೇರಿ ಅಂಗಡಿಯ ತೆರೆದ ಬಾಗಿಲ ಕಡೆ ನೋಡಿದಳು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಒಬ್ಬಂಟಿ ಗಂಡಸಿನ ಅಂಗಡಿಯಲ್ಲಿ ಇಷ್ಟು ಹೊತ್ತು ನಿಂತರೆ ಭಾನುವಾರದ ಪೂಜೆಯ ಹೊತ್ತಿಗೆ ಮಾತು ಊರೆಲ್ಲ ಸುತ್ತಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಸ್ಟೂಲು ಎಳೆದುಕೊಂಡು ಕೂತಳು.

"ಕೊಡಿ ಇಲ್ಲಿ. ನಾನು ನೋಡ್ತೀನಿ."

ಅವನು ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿದ, ಕೈ ಜಾರಿದರೂ ನಾಣ್ಯಕ್ಕೆ ಪೆಟ್ಟಾಗದಿರಲೆಂದು. ಮುಖ ಮುಟ್ಟಬಾರದು, ಅಂಚನ್ನು ಮಾತ್ರ ಹೆಬ್ಬೆರಳು ತೋರುಬೆರಳಲ್ಲಿ ಹಿಡಿಯಬೇಕು ಎಂದು ಒಂದು ಕಾಸನ್ನು ಹಿಡಿದು ತೋರಿಸಿದ. ಹಿಡಿದುಕೊಂಡು ಉಸಿರು ಬಿಡಬಾರದು ಎಂದ.

"ಉಸಿರು ಬಿಡ್ದೆ ಎಷ್ಟು ಹೊತ್ತು ಇರ್ಲಿ?"

"ಮುಖ ಆ ಕಡೆ ತಿರುಗಿಸಿ ಬಿಡಿ."

ಅವಳು ಅವನ ಕಡೆಗೇ ತಿರುಗಿಸಿ ಬಿಟ್ಟಳು. ಬೇಕೆಂದು ಮಾಡಿದ್ದಲ್ಲ, ಬೆಳಕು ಎಡಗಡೆಯಿಂದ ಬರುತ್ತಿತ್ತು, ನಾಣ್ಯವೂ ಆ ಕಡೆಗೇ ಇತ್ತು. ಆದರೆ ಆ ಉಸಿರು ಕೆನ್ನೆಗೆ ತಾಗಿ ಅಮಲದಾಸ ತನ್ನ ಉಸಿರನ್ನೇ ಹಿಡಿದು ಕೂತ.

ಭೂತಗನ್ನಡಿಯೊಳಗೆ ಮೊದಲು ಅವಳಿಗೆ ಸಿಕ್ಕಿದ್ದು ಕುದುರೆ ಏರಿದ ಸಂತ ಜಾರ್ಜ್. ಕುದುರೆಯ ಕೂದಲು ಎಳೆ ಎಳೆಯಾಗಿದೆ ಎಂದಳು. ಘಟಸರ್ಪದ ರೆಕ್ಕೆ ಚೂಪಾಗಿದೆ, ಸಂತನ ಸುತ್ತ ಇರುವ ಬಯಲು ಕೊಳದ ನೀರಿನ ಹಾಗಿದೆ, ಅದರಲ್ಲಿ ನನ್ನ ರೆಪ್ಪೆ ಕಾಣುತ್ತಿದೆ ಎಂದಳು. ಅಂಚಿನ ಗೀರುಗಳು ಸವೆದಿವೆಯೇ ಎಂದು ಅವನು ಕೇಳಿದ. ಬೆರಳಿಗೆ ಚುಚ್ಚುತ್ತಿವೆ ಎಂದಳು. ಅವನ ಎದೆ ಸ್ವಲ್ಪ ಹಗುರವಾಯಿತು. ಕಳ್ಳ ನಾಣ್ಯವಲ್ಲ, ಅಕ್ಕಸಾಲಿ ಉಜ್ಜಿ ಹೊಳಪು ಮಾಡಿದ್ದೂ ಅಲ್ಲ. ಇನ್ನೊಂದು ಮಗ್ಗುಲು ತಿರುಗಿಸಿ, ಕಿಟಕಿಯ ಕಡೆ ನಿಧಾನವಾಗಿ ವಾಲಿಸಿ ಎಂದ.

ಅವಳು ವಾಲಿಸಿದಳು. ಇನ್ನೊಮ್ಮೆ ವಾಲಿಸಿದಳು.

"ಹೇಳಿ," ಎಂದ ಅವನು.

"ರಾಜನ ತಲೆ ಹಿಂದೆ ಗೆರೆಗಳಿವೆ. ನೇರಕ್ಕೆ ಹಿಡಿದರೆ ಕಾಣಲ್ಲ. ವಾಲಿಸಿದಾಗ ಮಾತ್ರ. ಕತ್ತಿನಿಂದ ಮೇಲಕ್ಕೆ, ಎಲ್ಲ ಒಂದೇ ಕಡೆ ಓಡಿವೆ."

ಒರೆಸಿದ್ದಾರೆ. ಯಾರೋ ಹೊಳಪು ಬರಲೆಂದು ಒರೆಸಿದ್ದಾರೆ. ಈಗ ದೋಷವಿದೆ ಎಂದು ಬರೆದರೆ ಸೋಮವಾರ ಅಮಲದಾಸ ಹೇಳಿದ್ದು ಸುಳ್ಳಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಸೋಮವಾರದಿಂದ ನಾಣ್ಯ ಇರುವುದು ಅವನ ಖಾನೆಯಲ್ಲಿ. ಗೆರೆ ಎಳೆದವನು ನೀನೇ ಎಂದು ಮರಿಸ್ವಾಮಿ ಹೇಳದೆ ಬಿಡುತ್ತಾನೆಯೇ?

ಗುರುವಾರ ಅವಳು ಮತ್ತೆ ಬಂದು ಮತ್ತೆ ನೋಡಿದಳು. ಗೆರೆಗಳು ಅಲ್ಲೇ ಇದ್ದವು. ಅವನು ತಲೆ ತಗ್ಗಿಸಿಕೊಂಡು, ದೋಷವಿಲ್ಲ ಎಂದೇ ಬರೆದುಕೊಡುತ್ತೇನೆ, ಪೆಟ್ಟಿಗೆಯಲ್ಲಿ ಬಿದ್ದಿರುವ ನಾಣ್ಯವನ್ನು ಯಾರು ವಾಲಿಸಿ ನೋಡುತ್ತಾರೆ ಎಂದ. ಅವಳು ನಾಣ್ಯವನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಅಷ್ಟು ಮೆಲ್ಲಗೆ ಮುಚ್ಚಿದರೂ ಆ ಸದ್ದು ಅವನಿಗೆ ಬಾಗಿಲು ಬಡಿದಂತೆ ಕೇಳಿಸಿತು.

"ಹಾಗಾದ್ರೆ ನನ್ನ ಕಣ್ಣು ನಿಮಗೆ ಯಾಕೆ ಬೇಕಾಗಿತ್ತು?" ಎಂದಳು. ತಿರುಗಿ ನೋಡದೆ ಬೀದಿಗೆ ಇಳಿದಳು.

ಶುಕ್ರವಾರ ಅವಳು ಬರಲಿಲ್ಲ. ಬಾಗಿಲಲ್ಲಿ ಬಿಳಿಯದೇನಾದರೂ ಸುಳಿದರೆ ಅವನು ಎದ್ದು ನಿಲ್ಲುತ್ತಿದ್ದ. ಒಮ್ಮೆ ಅದು ಹಾಲಿನವನ ಪಂಚೆಯಾಗಿತ್ತು. ಒಮ್ಮೆ ಬರೀ ಬಿಸಿಲು. ನಾಣ್ಯದ ಭಯಕ್ಕಿಂತ ಆ ಪ್ರಶ್ನೆಯೇ ಅವನನ್ನು ಹೆಚ್ಚು ಕುಟುಕಿತು. ಸಂಜೆಯ ಹೊತ್ತಿಗೆ ಅವನು ಒಂದು ನಿಶ್ಚಯಕ್ಕೆ ಬಂದ. ದೋಷವಿಲ್ಲವೆಂಬ ಕಾಗದ ಬರೆಯಲಿಲ್ಲ.

ಶನಿವಾರ ವೃಷಭೇಂದ್ರಪ್ಪನವರ ಮನೆಯ ಪಡಸಾಲೆಯಲ್ಲಿ ಮರಿಸ್ವಾಮಿ ಆಗಲೇ ಬಂದು ಕೂತಿದ್ದ. ಹೆಗಲ ಮೇಲೆ ಜರಿ ಅಂಚಿನ ಶಲ್ಯ, ಕೈಯಲ್ಲಿ ಕಾಫಿ ಲೋಟ. ಅಮಲದಾಸ ಡಬ್ಬಿಯನ್ನು ಯಜಮಾನರ ಮುಂದಿಟ್ಟು, ಕೂರದೆ ನಿಂತೇ ಹೇಳಿದ. ನಾಣ್ಯ ಅಸಲಿ ಪ್ರೂಫ್, ಅದರಲ್ಲಿ ಸಂಶಯವಿಲ್ಲ. ಆದರೆ ರಾಜನ ಮುಖವಿರುವ ಕಡೆ ಒರೆಸಿದ ಗೆರೆಗಳಿವೆ. ಕೊಟ್ಟ ಬೆಲೆಗೆ ತಕ್ಕ ಸ್ಥಿತಿಯಲ್ಲಿ ಇಲ್ಲ. ಸೋಮವಾರ ಅದು ತನಗೆ ಕಾಣಲಿಲ್ಲ, ಯಾಕೆಂದರೆ ತನಗೆ ಈಗ ಕಣ್ಣೇ ಸರಿಯಾಗಿ ಕಾಣುವುದಿಲ್ಲ.

ಮರಿಸ್ವಾಮಿ ನಕ್ಕ.

"ಕಾಣದೆ ಇರೋ ಕಣ್ಣಿಗೆ ಗೆರೆ ಹೆಂಗೆ ಕಾಣ್ತು ಸ್ವಾಮಿ? ಇವರ ಅಂಗಡೀಲಿ ಗೆರೆ ಬಿದ್ದಿದೆ, ಈಗ ನನ್ನ ತಲೆಗೆ ಕಟ್ತಾವರೆ."

"ಅವರಿಗೆ ಕಾಣಲಿಲ್ಲ. ನನಗೆ ಕಾಣ್ತು."

ದನಿ ಬಂದದ್ದು ಮೆಟ್ಟಿಲ ಕಡೆಯಿಂದ. ಅಮಲದಾಸನಿಗೆ ಕಂಡದ್ದು ಒಂದು ಬಿಳಿಯ ಆಕಾರ, ಅದರ ಪಕ್ಕ ರುಮಾಲು ಸುತ್ತಿದ ಇನ್ನೊಂದು. ಆರೋಗ್ಯಮೇರಿ ತಂದೆಯನ್ನು ಕರೆದುಕೊಂಡೇ ಬಂದಿದ್ದಳು. ಮುದುಕ ಸಂತಿಯಾಗು ಯಜಮಾನರಿಗೆ ಕೈಮುಗಿದು, ಮಗಳು ಈ ಯುವಕನ ಅಂಗಡಿಯಲ್ಲಿ ಎರಡು ದಿನ ಕೂತು ನಾಣ್ಯ ನೋಡಿದ್ದು ನಿಜ, ಅದನ್ನು ಇಲ್ಲಿ ಹೇಳುವುದರಿಂದ ಅವಳಿಗೆ ಎಂಥ ಮಾತು ಬರುತ್ತದೆಂದು ತಿಳಿದೇ ಕರೆತಂದಿದ್ದೇನೆ ಎಂದರು.

ವೃಷಭೇಂದ್ರಪ್ಪ ಅವಳನ್ನು ಕಿಟಕಿಯ ಬಳಿ ಕರೆದರು. ಯಾವ ಕಡೆ ಗೆರೆ, ಎಷ್ಟು ಉದ್ದ, ತಾನು ನೋಡುವ ಮುಂಚೆ ಹೇಳು ಎಂದರು. ಅವಳು ನಾಣ್ಯವನ್ನು ಮುಟ್ಟದೆಯೇ ಹೇಳಿದಳು: ಕತ್ತಿನ ಹಿಂದಿನಿಂದ ಶುರುವಾಗಿ ಅಕ್ಷರಗಳವರೆಗೆ. ಬಿಡಿಯಾಗಿಲ್ಲ, ಎರಡೆರಡು ಜೊತೆಯಾಗಿ, ಜೊತೆ ಜೊತೆಗೂ ಒಂದೇ ಅಂತರ ಬಿಟ್ಟು.

"ಬರೀ ಬಟ್ಟೆಯಿಂದ ಒರೆಸಿದ್ರೆ ಗೆರೆ ಹಂಗೆ ಬೀಳಲ್ಲ," ಎಂದಳು. "ನೂಲು ಮೆತ್ತಗಿರುತ್ತೆ. ಇದು ಜರಿ."

ರೇಷ್ಮೆ ವ್ಯಾಪಾರಿಗೆ ಜರಿಯ ವಿಷಯ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವೃಷಭೇಂದ್ರಪ್ಪ ಭೂತಗನ್ನಡಿ ಹಿಡಿದು ನಾಣ್ಯವನ್ನು ವಾಲಿಸಿದರು, ಇನ್ನೂ ಸ್ವಲ್ಪ ವಾಲಿಸಿದರು. ಆಮೇಲೆ ಮರಿಸ್ವಾಮಿಯ ಹೆಗಲ ಕಡೆ ಕೈ ನೀಡಿದರು. ಮರಿಸ್ವಾಮಿ ಕಾಫಿ ಲೋಟ ಕೆಳಗಿಟ್ಟ. ಶಲ್ಯ ಕೊಟ್ಟ. ಅಂಚಿನ ಜರಿ ಎರಡೆರಡು ಎಳೆಯಾಗಿ ಹೋಗಿತ್ತು.

ರೈಲಿನಲ್ಲಿ ಡಬ್ಬಿ ತೆಗೆದು ನೋಡಿದಾಗ ನಾಣ್ಯದ ಮೇಲೆ ಉಸಿರಿನ ಮಬ್ಬು ಕೂತಿತ್ತು, ಒಂದೇ ಸಲ ಒರೆಸಿದೆ, ಕೆಡಿಸಬೇಕೆಂದು ಮಾಡಿದ್ದಲ್ಲ ಎಂದು ಅವನು ಒಪ್ಪಿಕೊಂಡ. ನಾಣ್ಯ ಅವನ ಕೈಗೆ ಹೋಯಿತು, ಹಣ ವಾಪಸು ಬಂತು. ಅವನು ತಲೆ ತಗ್ಗಿಸಿ ಹೊರಟ ಮೇಲೆ ವೃಷಭೇಂದ್ರಪ್ಪ ಅಮಲದಾಸನ ಕಡೆ ತಿರುಗಿದರು.

"ಕಣ್ಣು ಮಂಜಾದ್ದಕ್ಕೆ ನನಗೆ ಬೇಸರ ಇಲ್ಲ ಕಣಯ್ಯ. ನನ್ನ ಮುಂದೆ ನಿಂತ್ಕೊಂಡು ಕಾಣ್ತದೆ ಅಂದ್ಯಲ್ಲ, ಅದಕ್ಕಿದೆ. ಇನ್ನು ನನ್ನ ನಾಣ್ಯ ನಿನ್ನ ಅಂಗಡಿಗೆ ಬರೋದಿಲ್ಲ."

ಅಮಲದಾಸ ಕೈಮುಗಿದ.

ಮೂವರೂ ಚರ್ಚಿನ ದಾರಿ ಹಿಡಿದು ನಡೆದರು. ಗೇಟಿನ ಹತ್ತಿರ ಬಂದಾಗ ಸಂತಿಯಾಗು, ಮಾತೆಗೆ ಒಂದು ಮೇಣದ ಬತ್ತಿ ಹಚ್ಚಿ ಬರುತ್ತೇನೆ, ನೀವು ಇಲ್ಲೇ ಇರಿ ಎಂದು ಒಳಗೆ ಹೋದರು. ಒಂದು ಬತ್ತಿ ಹಚ್ಚಲು ಅಷ್ಟು ಹೊತ್ತು ಬೇಕಿರಲಿಲ್ಲ. ಕಾಂಪೌಂಡಿನ ನೇರಳೆ ಮರದ ಕೆಳಗೆ ಇಬ್ಬರೂ ದೂರ ದೂರ ನಿಂತರು.

ನೀವು ಬರಬಾರದಾಗಿತ್ತು, ನಾಳೆ ಇಲ್ಲೇ ಜನ ಏನೇನೋ ಆಡಿಕೊಳ್ಳುತ್ತಾರೆ ಎಂದ ಅವನು. ನೀವು ಸುಳ್ಳು ಬರೆದುಕೊಡುತ್ತೀರಿ ಅಂದುಕೊಂಡೇ ಬಂದೆ, ಮೆಟ್ಟಿಲು ಹತ್ತುವಾಗ ನಿಮ್ಮ ಮಾತು ಕೇಳಿಸಿತು, ಆಮೇಲೆ ಕಾಲು ಹಿಂದೆ ಹೋಗಲಿಲ್ಲ ಎಂದಳು ಅವಳು.

"ಡಾಕ್ಟರು ಏನಂತಾರೆ?"

"ಬಲಗಣ್ಣಿನ ಪೊರೆ ತೆಗೀಬಹುದು ಅಂತಾರೆ. ಭರವಸೆ ಕೊಡಲ್ಲ."

"ಹೆದರಿಕೆ ಆಗುತ್ತಾ?"

"ಆಗುತ್ತೆ."

"ನಾನು ಜೊತೆಗೆ ಬರ್ತೀನಿ ಆಸ್ಪತ್ರೆಗೆ."

"ಯಾರು ಅಂತ ಹೇಳಲಿ ಅಲ್ಲಿ? ಇವರು ನಿಮಗೇನಾಗಬೇಕು ಅಂತ ಕೇಳ್ತಾರೆ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಅದನ್ನ ನಾನು ಹೇಳೋಕಾಗುತ್ತಾ? ನೀವು ಕೇಳಬೇಕು."

ಇವತ್ತು ಇದ್ದ ಒಳ್ಳೆಯ ಗಿರಾಕಿಯನ್ನು ಕಳೆದುಕೊಂಡವನು, ನಾಳೆ ಕಣ್ಣನ್ನೂ ಕಳೆದುಕೊಳ್ಳಬಹುದಾದವನು, ಯಾವ ಬಾಯಲ್ಲಿ ಕೇಳುವುದು ಎಂದ ಅಮಲದಾಸ. ಅವಳು ಹೋಗದೆ ಅಲ್ಲೇ ನಿಂತಳು. ಕೊನೆಗೆ ಅವನು ಕೇಳಿದ. ಅಪ್ಪನ ಹತ್ತಿರ ಮಾತಾಡಲೇ ಎಂದಷ್ಟೇ ಕೇಳಿದ.

"ಅಪ್ಪ ಒಳಗೆ ಹೋಗಿ ಕಾಲು ಗಂಟೆ ಆಯ್ತು," ಎಂದಳು. "ನೀವು ಇಷ್ಟು ನಿಧಾನ ಅಂತ ಅವರಿಗೆ ಗೊತ್ತಿರಲಿಲ್ಲ, ಪಾಪ."

ಅವನು ನಕ್ಕುಬಿಟ್ಟ. ವಾರದಲ್ಲಿ ಮೊದಲ ಸಲ. ಆಮೇಲೆ ತಡೆದು ತಡೆದು ಒಂದು ಮಾತು ಹೇಳಿದ. ದನಿ ಗೊತ್ತು, ನಡೆದು ಬರುವ ರೀತಿ ಗೊತ್ತು, ಆದರೆ ನಿಮ್ಮ ಮುಖವನ್ನು ನಾನು ಈವರೆಗೆ ಸರಿಯಾಗಿ ನೋಡಿಯೇ ಇಲ್ಲ.

ಅವಳು ಚರ್ಚಿನ ಬಾಗಿಲ ಕಡೆ ನೋಡಿದಳು. ಬೀದಿಯ ಕಡೆ ನೋಡಿದಳು. ನೆರಳಿನಿಂದ ಬಿಸಿಲಿಗೆ ಒಂದು ಹೆಜ್ಜೆ ಮುಂದಿಟ್ಟಳು.

"ಈಗ?"

"ಇನ್ನೂ ಮಂಜು."

ಇನ್ನೊಂದು ಹೆಜ್ಜೆ. "ಈಗ?"

ಈಗ ಅವನಿಗೆ ಕಂಡಿತು. ಅಗಲವಾದ ಹಣೆ, ಬಿಸಿಲಿಗೆ ಕಿರಿದಾದ ಕಣ್ಣು, ನಗು ತಡೆಯಲು ಒತ್ತಿ ಹಿಡಿದ ತುಟಿ. ಎಡಗಣ್ಣಿಗೆ ಉಳಿದಿದ್ದ ಬೆಳಕೆಲ್ಲ ಆ ಮುಖದ ಮೇಲೆ ಬಂದು ನಿಂತಂತಿತ್ತು.

"ಇನ್ನೂ ಸ್ವಲ್ಪ ಹತ್ತಿರ," ಎಂದ.

ಅವಳು ಅವನ ಕಣ್ಣನ್ನೇ ನೋಡಿದಳು. ಅದು ಎಲ್ಲಿ ನೆಟ್ಟಿದೆ ಎಂದು ಅವಳಿಗೆ ತಿಳಿಯಲು ಭೂತಗನ್ನಡಿ ಬೇಕಿರಲಿಲ್ಲ. ಅವನಿಗೆ ಕಾಣುತ್ತಿದೆ ಎಂದು ಗೊತ್ತಾಯಿತು. ಗೊತ್ತಾದ ಮೇಲೂ ಇನ್ನೊಂದು ಹೆಜ್ಜೆ ಮುಂದೆ ಬಂದಳು.