ಬುಧವಾರ ನಾನು ಹೋಗಿರಲಿಲ್ಲ

ಬುಧವಾರ ನಾನು ಆ ಮನೆಗೆ ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾಯಿಲೆ ಕೈಮೀರಿದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ನರ್ಸ್ ನಾನು. ಆ ಮನೆಯ ಅಜ್ಜಿಗೆ ಹೆಚ್ಚೆಂದರೆ ಒಂದೆರಡು ದಿನ ಎಂದು ಗೊತ್ತಿತ್ತು. ಕಣ್ಣೆದುರೇ ಉಸಿರು ನಿಲ್ಲುವುದನ್ನು ನೋಡುವ ಧೈರ್ಯ ಸಾಲದೆ, ಸಂಜೆಯವರೆಗೆ ಬಸ್ ನಿಲ್ದಾಣದಲ್ಲಿ ಕೂತಿದ್ದು, ವರದಿಯಲ್ಲಿ ಮಾತ್ರ ಹೋಗಿಬಂದೆನೆಂದು ಬರೆದೆ.

ಗುರುವಾರ ಬೆಳಿಗ್ಗೆ ಹೋದರೆ ಮಂಚ ಖಾಲಿ. ಅಜ್ಜಿಯ ಮಗಳು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ನಿನ್ನೆ ನೀವಿದ್ದಿದ್ದಕ್ಕೆ ನಾನು ಬದುಕಿಕೊಂಡೆ ಸಿಸ್ಟರ್. ಮೂರು ಗಂಟೆಗೆ ಬಂದವರು ಅಮ್ಮನ ಪ್ರಾಣ ಹೋಗೋ ತನಕ ಪಕ್ಕ ಬಿಟ್ಟು ಏಳಲಿಲ್ಲ. ಸದ್ಯ, ಇವತ್ತು ನಿಮ್ಮ ಕೈ ಬೆಚ್ಚಗಿದೆ. ನಿನ್ನೆ ಐಸ್ ಥರ ಇತ್ತಲ್ಲ!"

ಮೆಲ್ಲನೆ ಕೈ ಬಿಡಿಸಿಕೊಂಡೆ. "ನಿನ್ನೆ ನಾನು... ಏನಾದ್ರೂ ಹೇಳಿದ್ನಾ?"

"ಎಲ್ಲಿ! ನೀವು ಮೊದಲೇ ಮಾತಲ್ಲಿ ಜಿಪುಣಿ. ಹತ್ತಿ ಒದ್ದೆ ಮಾಡಿ ಅಮ್ಮನ ತುಟಿಗೆ ಒತ್ತುತ್ತಾ ಕೂತಿದ್ರಿ. ಫ್ಯಾನ್ ಆರಿಸಿದ್ರೂ ಕೋಣೆಯ ಚಳಿ ಹೋಗ್ಲಿಲ್ಲ ನೋಡಿ."

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅತ್ತು ಊದಿದ ಆ ಮುಖದಲ್ಲಿದ್ದ ನೆಮ್ಮದಿ ಕಂಡು ಹೌದೆಂದು ತಲೆಯಾಡಿಸಿದೆ.

ಬಾಗಿಲವರೆಗೂ ಬಂದು ಬೀಳ್ಕೊಡುವಾಗ ಅವರು ಕಣ್ಣೊರೆಸಿಕೊಂಡರು.

"ಅಮ್ಮಂಗೆ ಮಾತ್ರ ನಿಮ್ಮ ಗುರುತೇ ಸಿಗ್ಲಿಲ್ಲ, ಪಾಪ. ನೀವು ಕೈ ಹಿಡಿದು ಕೂತಿದ್ರೂ ಈ ಬಾಗಿಲನ್ನೇ ನೋಡ್ತಾ, 'ನರ್ಸಮ್ಮ ಇನ್ನೂ ಬರ್ಲಿಲ್ವಾ, ಬರ್ತೀನಿ ಅಂದಿದ್ಲಲ್ಲ' ಅಂತ ಕೊನೆವರೆಗೂ ಕೇಳ್ತಾನೇ ಇದ್ರು."